ಎಕ್ಸೋಡಸ್ ವಾಪಸ್ ಬಂದಾಗ: ಒಂದೇ ರಿಫ್, ಮೂರು ರೆಕಾರ್ಡಿಂಗ್

ಥ್ರ್ಯಾಶ್ ಮೆಟಲ್ ಅಂದ್ರೆ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನವರು ಬಂದು ಬಾಗಿಲು ಬಡಿಯೋ ಹಾಗೆ ಮಾಡೋ ಸಂಗೀತ ಅಂತ ನಮ್ಮಲ್ಲಿ ಹೆಚ್ಚಿನವರ ತಿಳುವಳಿಕೆ. ಅದು ಪೂರ್ತಿ ತಪ್ಪೂ ಅಲ್ಲ. ಆದ್ರೆ ಈ ಸಲ ಒಂದು ಆಲ್ಬಮ್ ಇಟ್ಕೊಂಡು ಒಂದೇ ಪ್ರಶ್ನೆ ಕೇಳೋಣ. ಹನ್ನೆರಡು ವರ್ಷ ಹೊಸ ಹಾಡುಗಳ ಆಲ್ಬಮ್ಮೇ ಮಾಡದ ಬ್ಯಾಂಡ್ ವಾಪಸ್ ಬಂದಾಗ, ಬಂದಿರೋದು ಅದೇ ಬ್ಯಾಂಡೋ ಅಥವಾ ಅದರ ಹೆಸರೋ? ಬ್ಯಾಂಡ್ ಎಕ್ಸೋಡಸ್, ಆಲ್ಬಮ್ 'ಟೆಂಪೋ ಆಫ್ ದ ಡ್ಯಾಮ್ಡ್', ವರ್ಷ 2004. ನಮ್ಮ ಬ್ಯಾಚಿನವರು ಯಾರೂ ಆಗ ಹುಟ್ಟಿರಲಿಲ್ಲ.

ಮೊದಲು ಸ್ವಲ್ಪ ಲೆಕ್ಕ. ಗಿಟಾರಿನ ಅತಿ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ ಕಂಪಿಸುತ್ತೆ. ಅದನ್ನ ಸ ಅಂತ ಇಟ್ಕೊಂಡ್ರೆ ಅದರ ಪ ಸುಮಾರು 123. ಇವೆರಡನ್ನೇ ಒಟ್ಟಿಗೆ ಬಾರಿಸಿದ್ರೆ ಪವರ್ ಕಾರ್ಡ್. ತಂಬೂರಿಯಲ್ಲೂ ಸ, ಪ ತಾನೇ ಇರೋದು! ಆದ್ರೆ ಇಲ್ಲಿ ಸಿಗ್ನಲ್ ಆಂಪ್ಲಿಫೈಯರ್‌ನಲ್ಲಿ ಕ್ಲಿಪ್ ಆಗುತ್ತೆ. ಕ್ಲಿಪ್ಪಿಂಗ್ ನಾನ್-ಲೀನಿಯರ್, ಹಾಗಾಗಿ ಎರಡು ಫ್ರೀಕ್ವೆನ್ಸಿ ಒಳಗೆ ಹೋದ್ರೆ ಅವುಗಳ ಮೊತ್ತ, ವ್ಯತ್ಯಾಸ ಎಲ್ಲಾ ಹೊರಗೆ ಬರುತ್ತೆ. 123ರಲ್ಲಿ 82 ಕಳೀರಿ, 41. ಅಂದ್ರೆ ಅದೇ ಸ, ಒಂದು ಸ್ಥಾಯಿ ಕೆಳಗೆ. ಯಾರೂ ಬಾರಿಸದೇ ಇರೋ ಸ್ವರ ಬಂದು ಎದೆಗೆ ಹೊಡೆಯುತ್ತೆ. ಇದಕ್ಕೆ ಗ ಸೇರಿಸಿ ನೋಡಿ, ಎಲ್ಲಾ ಕೆಸರಾಗಿಬಿಡುತ್ತೆ. ಥ್ರ್ಯಾಶ್ ರಿಫ್‌ಗಳು ಇಷ್ಟು ಕಮ್ಮಿ ಸ್ವರದಲ್ಲಿ ಇಷ್ಟು ಭಾರ ಅನ್ಸೋದಕ್ಕೆ ಇದೊಂದು ಕಾರಣ. ಇನ್ನೊಂದು ವೇಗ. ನಿಮಿಷಕ್ಕೆ 200 ಬೀಟ್, ಬೀಟಿಗೆ ನಾಲ್ಕು ಪೆಟ್ಟು ಅಂದುಕೊಳ್ಳಿ. ಸೆಕೆಂಡಿಗೆ 13ಕ್ಕೂ ಹೆಚ್ಚು ಪೆಟ್ಟು. ಅಷ್ಟೂ ಪೆಟ್ಟು ಬಿಡಿಬಿಡಿಯಾಗಿ ಕೇಳಬೇಕು ಅಂತ ಅಂಗೈ ಅಂಚನ್ನ ತಂತಿ ಮೇಲೆ ಒತ್ತಿ ಹಿಡಿದು ಬಾರಿಸ್ತಾರೆ. ಅದೇ ಪಾಮ್ ಮ್ಯೂಟಿಂಗ್.

ಈಗ ಕಥೆಗೆ ಬರೋಣ. ಎಕ್ಸೋಡಸ್ ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಬ್ಯಾಂಡ್. ಕಟ್ಟಿದವರಲ್ಲಿ ಕರ್ಕ್ ಹ್ಯಾಮೆಟ್ ಒಬ್ಬ. ಅವನು 1983ರಲ್ಲಿ ಮೆಟಾಲಿಕಾ ಸೇರ್ಕೊಂಡ. ಹೋಗುವಾಗ ಗಿಟಾರ್ ಜೊತೆ ಒಂದು ರಿಫ್ಫನ್ನೂ ತಗೊಂಡು ಹೋದ ಅನ್ನಬಹುದು. ಎಕ್ಸೋಡಸ್ ಆಗ ನುಡಿಸ್ತಿದ್ದ 'ಇಂಪೇಲರ್' ಅನ್ನೋ ಹಾಡಿನ ಆ ರಿಫ್ 1984ರಲ್ಲಿ ಮೆಟಾಲಿಕಾದ 'ಟ್ರ್ಯಾಪ್ಡ್ ಅಂಡರ್ ಐಸ್' ಹಾಡಿನೊಳಗೆ ಬಂತು. ಮಾರನೇ ವರ್ಷ ಬಂದ ಎಕ್ಸೋಡಸ್‌ನ ಮೊದಲ ಆಲ್ಬಮ್ 'ಬಾಂಡೆಡ್ ಬೈ ಬ್ಲಡ್'ನಲ್ಲಿ ಒಂಬತ್ತು ಹಾಡಿವೆ, 'ಇಂಪೇಲರ್' ಇಲ್ಲ.

ಆ ಆಲ್ಬಮ್‌ನಲ್ಲಿ ಹಾಡಿದವನು ಪಾಲ್ ಬೇಲಾಫ್. ಹಾಡಿದ ಅನ್ನೋದಕ್ಕಿಂತ ಕೂಗಿದ ಅನ್ನೋದೇ ಸರಿ. ಶ್ರುತಿಯ ಗೋಜಿಗೆ ಹೋಗಲ್ಲ, ತಾಳದ ಹಿಂದೆ ಮುಂದೆ ಓಲಾಡ್ತಾನೆ, ಆದ್ರೂ ಅವನಿಲ್ಲದೆ ಆ ಹಾಡುಗಳನ್ನ ಊಹಿಸ್ಕೊಳ್ಳೋಕಾಗಲ್ಲ. ಒಂದೇ ಆಲ್ಬಮ್‌ಗೆ ಅವನನ್ನ ಕೈಬಿಟ್ರು. ಸ್ಟೀವ್ 'ಝೆಟ್ರೋ' ಸೌಜಾ ಬಂದ. ಅವನ ಜೊತೆ ನಾಲ್ಕು ಆಲ್ಬಮ್. ಕೊನೆಯದು 1992ರ 'ಫೋರ್ಸ್ ಆಫ್ ಹ್ಯಾಬಿಟ್', ವೇಗ ತಗ್ಗಿಸಿಕೊಂಡು ಮಾಡಿದ್ದು. ಕಾಲ ಹಾಗಿತ್ತು: ಮೆಟಾಲಿಕಾನೇ ನಿಧಾನ ಆಗಿತ್ತು, ರೇಡಿಯೋ ತುಂಬಾ ನಿರ್ವಾಣ. ಬ್ಯಾಂಡ್ ಒಡೆದುಹೋಯ್ತು.

1997ರಲ್ಲಿ ಬೇಲಾಫ್ ಜೊತೆ ಮತ್ತೆ ಸೇರಿ 'ಅನದರ್ ಲೆಸನ್ ಇನ್ ವಯಲೆನ್ಸ್' ಅನ್ನೋ ಲೈವ್ ಆಲ್ಬಮ್ ತಂದ್ರು. 'ಇಂಪೇಲರ್' ಅದರಲ್ಲಿದೆ. ಆದ್ರೆ ಹೊಸ ಹಾಡು ಹುಟ್ಟಲಿಲ್ಲ, ಬ್ಯಾಂಡ್ ಮತ್ತೆ ಚದುರಿತು. 2001ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಥ್ರ್ಯಾಶ್ ಆಫ್ ದ ಟೈಟನ್ಸ್' ಅನ್ನೋ ಕಾರ್ಯಕ್ರಮ ಆಯ್ತು. ಟೆಸ್ಟಮೆಂಟ್ ಬ್ಯಾಂಡಿನ ಚಕ್ ಬಿಲ್ಲಿ, ಡೆತ್ ಬ್ಯಾಂಡಿನ ಚಕ್ ಶುಲ್ಡಿನರ್ ಇಬ್ಬರಿಗೂ ಕ್ಯಾನ್ಸರ್. ಚಿಕಿತ್ಸೆಗೆ ದುಡ್ಡು ಕೂಡಿಸೋಕೆ ಹಳೇ ಬ್ಯಾಂಡ್‌ಗಳೆಲ್ಲ ಒಂದೇ ವೇದಿಕೆ ಹತ್ತಿದ್ವು. ಎಕ್ಸೋಡಸ್ ಬೇಲಾಫ್ ಜೊತೆಗೇ ನುಡಿಸ್ತು. ಅಲ್ಲಿಂದ ಬ್ಯಾಂಡಿಗೆ ನಿಜವಾಗಿ ಜೀವ ಬಂತು. ಆರು ತಿಂಗಳೂ ಕಳೆದಿರಲಿಲ್ಲ, 2002ರ ಫೆಬ್ರವರಿ 2ರಂದು ಪಾರ್ಶ್ವವಾಯು ಹೊಡೆದು ಬೇಲಾಫ್ ತೀರಿಕೊಂಡ. ವಯಸ್ಸು 41.

ಸೆಕೆಂಡ್ ಇನ್ನಿಂಗ್ಸ್ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಇಲ್ಲಿ ಪ್ಯಾಡ್ ಕಟ್ಕೊಂಡು ನಿಂತಿದ್ದವನೇ ಹೋಗಿಬಿಟ್ಟ. ನಿಲ್ಲಿಸಿದ್ರೆ ಯಾರೂ ಬೈತಿರಲಿಲ್ಲ. ಗಿಟಾರಿಸ್ಟ್ ಗ್ಯಾರಿ ಹಾಲ್ಟ್ ನಿಲ್ಲಿಸಲಿಲ್ಲ. ಸೌಜಾ ವಾಪಸ್ ಬಂದ, ರಿಕ್ ಹ್ಯೂನೋಲ್ಟ್ ಇನ್ನೊಂದು ಗಿಟಾರ್, ಟಾಮ್ ಹಂಟಿಂಗ್ ಡ್ರಮ್ಸ್, ಜ್ಯಾಕ್ ಗಿಬ್ಸನ್ ಬೇಸ್. ನಿರ್ಮಾಪಕ ಆಂಡಿ ಸ್ನೀಪ್. ಅವನೂ ಸಬ್ಬತ್ ಅನ್ನೋ ಬ್ರಿಟಿಷ್ ಥ್ರ್ಯಾಶ್ ಬ್ಯಾಂಡಿನ ಗಿಟಾರಿಸ್ಟ್ ಆಗಿದ್ದವನೇ.

'ಟೆಂಪೋ ಆಫ್ ದ ಡ್ಯಾಮ್ಡ್' ಹತ್ತು ಹಾಡಿನ ಆಲ್ಬಮ್. ಮೊದಲ ಹಾಡು 'ಸ್ಕಾರ್ ಸ್ಪ್ಯಾಂಗಲ್ಡ್ ಬ್ಯಾನರ್' ಅಮೆರಿಕದ ರಾಷ್ಟ್ರಗೀತೆಯ ಹೆಸರನ್ನೇ ತಿರುಚಿದ್ದು, ಎರಡನೆಯದು 'ವಾರ್ ಈಸ್ ಮೈ ಶೆಫರ್ಡ್' ಬೈಬಲಿನ ಕೀರ್ತನೆಯನ್ನ ತಿರುಚಿದ್ದು. ಇರಾಕ್ ಯುದ್ಧ ಶುರುವಾಗಿ ಇನ್ನೂ ವರ್ಷ ಆಗಿರಲಿಲ್ಲ, ಸಿಟ್ಟು ಎಲ್ಲಿಂದ ಬಂತು ಅಂತ ಹುಡುಕೋ ಅಗತ್ಯ ಇಲ್ಲ. ಮೂರನೆಯದು 'ಬ್ಲ್ಯಾಕ್‌ಲಿಸ್ಟ್', ಮಧ್ಯಮ ವೇಗದಲ್ಲಿ ತುಳಿದುಕೊಂಡು ಹೋಗುತ್ತೆ. ನನ್ನ ಮಟ್ಟಿಗೆ ಇಡೀ ಆಲ್ಬಮ್‌ನ ಅತಿ ಗಟ್ಟಿ ಹಾಡು ಇದು. 1992ರಲ್ಲಿ ನಿಧಾನ ಆದಾಗ ಕಳ್ಕೊಂಡಿದ್ದ ಭಾರ ಇಲ್ಲಿ ನಿಧಾನದಲ್ಲೇ ಸಿಕ್ಕಿದೆ. ನಡುವೆ ಒಂದೆರಡು ಹಾಡು ಬೇಕಾದ್ದಕ್ಕಿಂತ ಉದ್ದ ಎಳೀತವೆ, ಅದನ್ನ ಮುಚ್ಚಿಡೋದು ಬೇಡ.

ಒಂಬತ್ತನೇ ಹಾಡು 'ಇಂಪೇಲರ್'. ಪಾಠಕ್ಕೆ ಬೇಕಾಗಿರೋದು ಇದೇ. ಲ್ಯಾಬ್‌ನಲ್ಲಿ ಒಂದನ್ನ ಬದಲಾಯಿಸದೆ ಇಟ್ಟು ಉಳಿದದ್ದನ್ನ ಅಳೀತೀವಲ್ಲ, ಹಾಗೆ ರಿಫ್ ಇಲ್ಲಿ ಬದಲಾಗಿಲ್ಲ. 1985ರ ಎಕ್ಸೋಡಸ್ ರೆಕಾರ್ಡಿಂಗ್‌ಗಳಲ್ಲಿ ಗಿಟಾರ್ ಒರಟು, ಅಂಚೆಲ್ಲ ಕಿತ್ತುಹೋದ ಹಾಗೆ. 2004ರಲ್ಲಿ ಒಂದೊಂದು ಪೆಟ್ಟೂ ಕತ್ತರಿಸಿಟ್ಟ ಹಾಗೆ. ಬೇಲಾಫ್‌ನ ಕೂಗಿನ ಜಾಗದಲ್ಲಿ ಸೌಜಾನ ಕೀರಲು, ಕುಟುಕೋ ದನಿ. ಸೌಜಾ ಬೇಲಾಫ್‌ನ ಮಿಮಿಕ್ರಿ ಮಾಡಲ್ಲ. ಇದು ನನಗೆ ದೊಡ್ಡ ವಿಷಯ ಅನ್ಸುತ್ತೆ. ಆ ಹಾಡು ಸ್ಟುಡಿಯೋ ಆಲ್ಬಮ್ ಒಂದಕ್ಕೆ ಸೇರೋಕೆ ಇಪ್ಪತ್ತು ವರ್ಷ ಹಿಡೀತು. ಸೇರಿದಾಗ ಹೊಸ ಹಾಡುಗಳ ನಡುವೆ ಹೊಸದರ ಹಾಗೇ ಕೂತಿದೆ. ನನ್ನ ಪ್ರಕಾರ ಬಂದಿರೋದು ಅದೇ ಬ್ಯಾಂಡ್, ವಯಸ್ಸಾದ ಅದೇ ಬ್ಯಾಂಡ್.

ಇದೇ ಜನ 2008ರಲ್ಲಿ ಇದಕ್ಕೆ ಉಲ್ಟಾ ಪ್ರಯೋಗವನ್ನೂ ಮಾಡಿದ್ರು. 'ಬಾಂಡೆಡ್ ಬೈ ಬ್ಲಡ್' ಪೂರ್ತಿ ಮತ್ತೆ ರೆಕಾರ್ಡ್ ಮಾಡಿ 'ಲೆಟ್ ದೇರ್ ಬಿ ಬ್ಲಡ್' ಅಂತ ತಂದ್ರು, ಹಾಡಿದ್ದು ರಾಬ್ ಡ್ಯೂಕ್ಸ್. ಯಾಕಂದ್ರೆ 2004 ಮುಗಿಯೋದ್ರೊಳಗೆ ಸೌಜಾ ಮತ್ತೆ ಹೊರಗೆ ಹೋಗಿದ್ದ. ಹಿಂದೆಯೇ ಹ್ಯೂನೋಲ್ಟ್, ಹಂಟಿಂಗ್ ಕೂಡ. ನುಡಿಸಾಣಿಕೆ ಚೊಕ್ಕ, ಸದ್ದು ಚೊಕ್ಕ, ಆದ್ರೆ ಎರಡು ಸಲ ಕೇಳಬೇಕು ಅನ್ಸಲ್ಲ. ಹಳೇದು ಆಗಲೇ ಮುಗಿದಿತ್ತು. 'ಇಂಪೇಲರ್' ಮುಗಿದಿರಲಿಲ್ಲ.

ಅಂದಹಾಗೆ, 2012ರಲ್ಲಿ ಸ್ಲೇಯರ್ ಬೆಂಗಳೂರಿಗೆ ಬಂದಾಗ ಗಿಟಾರ್ ಹಿಡಿದು ನಿಂತಿದ್ದವರಲ್ಲಿ ಈ ಗ್ಯಾರಿ ಹಾಲ್ಟೂ ಒಬ್ಬ. ಸೀನಿಯರ್ಸ್‌ನ ಕೇಳಿ, ಅವರ ಅಣ್ಣಂದಿರು ಯಾರಾದ್ರೂ ನೋಡಿರಬಹುದು.

ಹೋಂವರ್ಕ್: ಇಂಟರ್ನಲ್ಸ್ ಮುಗಿದ ಮೇಲೆ ಒಳ್ಳೇ ಹೆಡ್‌ಫೋನ್ ಹಾಕ್ಕೊಂಡು ಈ ಕ್ರಮದಲ್ಲಿ ಕೇಳಿ. 1984ರ 'ಟ್ರ್ಯಾಪ್ಡ್ ಅಂಡರ್ ಐಸ್', 1997ರ ಲೈವ್ 'ಇಂಪೇಲರ್', 2004ರ 'ಇಂಪೇಲರ್'. ಮೊದಲನೆಯದರಲ್ಲಿ ರಿಫ್ ಎಷ್ಟನೇ ಸೆಕೆಂಡಿಗೆ ಬರುತ್ತೆ ಅಂತ ನಾನು ಹೇಳಲ್ಲ, ಹುಡುಕೋದು ನಿಮ್ಮ ಕೆಲಸ. ಎರಡನೆಯದನ್ನ ಮಾತ್ರ ಸ್ವಲ್ಪ ಜೋರಾಗಿ ಇಟ್ಕೊಳ್ಳಿ. ಅದರಲ್ಲಿ ಬೇಲಾಫ್ ಇದ್ದಾನೆ.