ಹುಲಿ ಯಾಕೆ ಸಾಯಬೇಕಿತ್ತು?



ಪ್ರಾಣಿಗಳು ಹಾಡಿ ಕುಣಿಯುವ ಕಾರ್ಟೂನ್ ಚಿತ್ರಗಳನ್ನು ಇಂದು ವಿಜಯಪುರ ನಗರದ ಮಕ್ಕಳಂತೆಯೇ ತಿಕೋಟಾ, ಬಬಲೇಶ್ವರದ ಮಕ್ಕಳೂ ಮೊಬೈಲಿನಲ್ಲಿ ನೋಡುತ್ತಾರೆ. ನಮ್ಮ ಭಾಗದವರಿಗೆ ಇದು ತೀರಾ ಹೊಸದೇನಲ್ಲ. ಕಣದಲ್ಲಿ ಎತ್ತುಗಳನ್ನು ಮೇಟಿಯ ಸುತ್ತ ತಿರುಗಿಸುತ್ತ ಹಂತಿಯ ಪದ ಹಾಡಿದ ಹಿರಿಯರು ನಮ್ಮ ನಡುವೆ ಇದ್ದಾರೆ. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಓಣಿಯ ಮಕ್ಕಳೆಲ್ಲ ಕೈ ಕೆಸರು ಮಾಡಿಕೊಂಡು ಎತ್ತು ತಿದ್ದುತ್ತಾರೆ. ಅಂಥ ಮಕ್ಕಳಿಗೆ ಪ್ರಾಣಿಯೊಂದು ಬಾಯಿ ತೆರೆದು ಹಾಡಿದರೆ ಆಶ್ಚರ್ಯವೇನು? ಆದ್ದರಿಂದ ಇಂಥ ಚಿತ್ರಗಳನ್ನು ಬರೀ ಆಟವೆಂದು ತಳ್ಳಿಹಾಕದೆ, ಅವು ಮಕ್ಕಳ ಮನಸ್ಸಿನಲ್ಲಿ ಎಬ್ಬಿಸುವ ಒಂದು ಪ್ರಶ್ನೆಯನ್ನು ಈ ವಾರ ಮನೆಮಂದಿ ಕೂಡಿ ಯೋಚಿಸೋಣ.

ನಮ್ಮ ನಾಡಿನಲ್ಲೇ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ತಲೆಮಾರುಗಳಿಂದ ಶಾಲೆಯಲ್ಲಿ ಕಲಿತ ‘ಗೋವಿನ ಹಾಡು’ 2020ರಲ್ಲಿ ‘ಪುಣ್ಯಕೋಟಿ’ ಎಂಬ ಆನಿಮೇಷನ್ ಚಿತ್ರವಾಗಿ ಬಂತು. ನಿರ್ದೇಶಕರು ರವಿಶಂಕರ್. ಭಾಷೆ ಸಂಸ್ಕೃತ, ಸಂಗೀತ ಇಳಯರಾಜಾ ಅವರದು. ಪುಣ್ಯಕೋಟಿಗೆ ನಟಿ ರೇವತಿ ದನಿ ಕೊಟ್ಟಿದ್ದಾರೆ. ಜನರು ಕೊಟ್ಟ ದೇಣಿಗೆಯೂ ಅದರ ತಯಾರಿಕೆಗೆ ಸೇರಿದೆ. ಚಿತ್ರದ ಕಥೆಯನ್ನು ಇಲ್ಲಿ ಹೇಳುವುದಿಲ್ಲ, ನೋಡಿಯೇ ತಿಳಿಯಿರಿ. ನಾವು ಮೂಲ ಹಾಡಿಗೇ ಬರೋಣ.

ಹಸುವಿನ ಸತ್ಯವನ್ನು ನಾವೆಲ್ಲ ಹೊಗಳಿದ್ದೇವೆ. ಕರುವಿಗೆ ಹಾಲು ಕೊಟ್ಟು ಬರುತ್ತೇನೆಂದು ಹೇಳಿದವಳು ಹೇಳಿದಂತೆ ಮರಳಿ ಬಂದಳು. ಕಂದನನ್ನು ಉಳಿದ ಹಸುಗಳ ಕೈಗೆ ಒಪ್ಪಿಸಿ ಬಂದಳು. ತಾಯಂದಿರಿಗೆ ಆ ಭಾಗ ಕೇಳಿದರೆ ಇಂದಿಗೂ ಕಣ್ಣು ತುಂಬುತ್ತದೆ. ಆದರೆ ಮಕ್ಕಳು ಕೇಳುವುದು ಅವಳ ಬಗ್ಗೆ ಅಲ್ಲ. “ಹುಲಿ ಯಾಕ ಸಾಯಬೇಕಿತ್ತು?” ಎಂದು ಕೇಳುತ್ತಾರೆ. ಪಶ್ಚಾತ್ತಾಪಪಟ್ಟ ಹುಲಿ ಹಾಡಿನ ಕೊನೆಯಲ್ಲಿ ತಾನೇ ಜಿಗಿದು ಪ್ರಾಣ ಬಿಡುತ್ತದೆ. ನಾವು ದೊಡ್ಡವರು ಆ ಪದ್ಯವನ್ನು ಬೇಗಬೇಗ ಹಾಡಿ ಮುಗಿಸುತ್ತೇವೆ. (ಹುಲಿಗೆ ಮಾಂಸವೇ ಊಟ, ಅದರದೇನು ತಪ್ಪು ಎಂದು ಕೇಳುವ ಜಾಣ ಮಕ್ಕಳೂ ಇದ್ದಾರೆ. ಆ ಪ್ರಶ್ನೆಗೆ ಉತ್ತರ ಕೊಡುವುದು ಇನ್ನೂ ಕಷ್ಟ!)

ತಪ್ಪಿನ ಅರಿವಾದ ಮೇಲೆ ಸಾಯುವುದೊಂದೇ ದಾರಿಯೇ? ಮಗುವಿನ ಪ್ರಶ್ನೆಯ ಒಳಗಿರುವುದು ಇದೇ.

ಇದಕ್ಕೆ ಹೊರದೇಶದ ಚಿತ್ರವೊಂದನ್ನು ಪಕ್ಕದಲ್ಲಿಟ್ಟು ನೋಡಿ. 1994ರಲ್ಲಿ ಬಂದ ‘ದಿ ಲಯನ್ ಕಿಂಗ್’ ಚಿತ್ರದಲ್ಲಿ ಸಿಂಬಾ ಎಂಬ ಸಿಂಹದ ಮರಿ ಇದೆ. ಅದರ ತಂದೆಯನ್ನು ಕೊಂದವನು ಚಿಕ್ಕಪ್ಪ ಸ್ಕಾರ್. ಆದರೆ ಅವನು, ಇದೆಲ್ಲ ನಿನ್ನಿಂದಲೇ ಆಯಿತು, ಓಡಿಹೋಗು, ಮತ್ತೆ ಬರಬೇಡ ಎಂದು ಮರಿಯನ್ನು ನಂಬಿಸುತ್ತಾನೆ. ಮರಿ ಓಡುತ್ತದೆ. ಕಾಡಿನಲ್ಲಿ ಸಿಕ್ಕ ಇಬ್ಬರು ಗೆಳೆಯರು, ಒಂದು ಮೀರ್‌ಕ್ಯಾಟು, ಒಂದು ಕಾಡುಹಂದಿ, ಹಳೆಯದನ್ನು ಮರೆತುಬಿಡು ಎಂದು ಹಾಡಿ ಕುಣಿಸುತ್ತಾರೆ. ಚಿತ್ರದಲ್ಲಿ ಎಲ್ಲರೂ ನಗುವ ಭಾಗ ಅದು. ಸಿಂಬಾ ಕುಣಿಯುತ್ತಲೇ ದೊಡ್ಡವನಾಗುತ್ತಾನೆ. ಒಳಗಿನ ಗಾಯ ಮಾತ್ರ ಹಾಗೆಯೇ ಇರುತ್ತದೆ. ಕೊನೆಗೆ ಬಾಲ್ಯದ ಗೆಳತಿ ನಾಲಾ, ಮುದಿ ಕೋತಿ ರಫೀಕಿ ಬಂದು ಅವನ ಮುಖವನ್ನು ಮನೆಯ ಕಡೆ ತಿರುಗಿಸುತ್ತಾರೆ. ಮನೆಗೆ ಹೋದ ಮೇಲೆಯೇ ನಿಜ ಹೊರಬೀಳುತ್ತದೆ.

ತಪ್ಪಿತಸ್ಥನ ಕಿವಿಗೆ ಮೊದಲು ಬಿದ್ದ ಮಾತು ಯಾವುದು ಎಂಬುದನ್ನು ಗಮನಿಸಿ. ಸಿಂಬಾನನ್ನು ಒಂದು ಮಾತು ಓಡಿಸಿತು, ಇನ್ನೊಂದು ಮರಳಿ ತಂದಿತು. ಹುಲಿಗಾದರೋ, “ಇರು, ಸಾಯಬೇಡ” ಎನ್ನುವವರು ಯಾರೂ ಇರಲಿಲ್ಲ.

ಶುಭಸಂದೇಶದಲ್ಲೂ ಹೀಗೆಯೇ ಇದೆ. ಪ್ರಭುವನ್ನು ಹಿಡಿದುಕೊಟ್ಟ ಯೂದನು ನೇರವಾಗಿ ಸಾಯಲು ಹೋಗಲಿಲ್ಲ. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ತಂದನು, ತಾನು ಪಾಪ ಮಾಡಿದೆನೆಂದು ಮುಖ್ಯಯಾಜಕರ ಮುಂದೆ ಬಾಯಿಬಿಟ್ಟು ಹೇಳಿದನು. ಅವರು ಅದು ನಮಗೇನು, ನೀನೇ ನೋಡಿಕೋ ಎಂಬಂತೆ ಕೈ ತೊಳೆದುಕೊಂಡರು (ಮತ್ತಾಯ 27). ಆಮೇಲೆ ಅವನು ಹೋಗಿ ನೇಣು ಹಾಕಿಕೊಂಡನು. ಪೇತ್ರನೂ ತಪ್ಪಿದವನೇ. ಕೆಂಡದ ಬೆಂಕಿಯ ಬಳಿ ನಿಂತು ಮೂರು ಸಲ ಪ್ರಭುವನ್ನು ಅರಿಯೆನೆಂದನು. ಪುನರುತ್ಥಾನದ ನಂತರ ಸರೋವರದ ದಡದಲ್ಲಿ ಪ್ರಭುವೂ ಕೆಂಡದ ಬೆಂಕಿ ಮಾಡಿ, ಮೀನು ಸುಟ್ಟು, ಮೊದಲು ಊಟಕ್ಕೆ ಕರೆದರು. ಊಟವಾದ ಮೇಲೆ ಮೂರು ಸಲ ಪ್ರಶ್ನೆ ಕೇಳಿದರು, ಕೆಲಸವನ್ನೂ ಒಪ್ಪಿಸಿದರು (ಯೊವಾನ್ನ 21). ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಊಟ ಮೊದಲು, ವಿಚಾರಣೆ ಆಮೇಲೆ.

ನಮ್ಮ ಮನೆಗಳಲ್ಲಿ ಏನಾಗುತ್ತದೆ? ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ತಿಂಗಳು ಮೊದಲೇ “ಫೇಲಾದರ ಮನಿಗೆ ಬರಬ್ಯಾಡ” ಎನ್ನುತ್ತೇವೆ. ಅಂಗಡಿಯ ಹಣ ತೆಗೆದ ಹುಡುಗ ಅಳುತ್ತ ಬಂದು ಹೇಳಿದರೆ “ನೀ ಮಾಡಿದ್ದು ನೀನ ನೋಡ್ಕೋ” ಎನ್ನುತ್ತೇವೆ. ಸಿಟ್ಟಿನಲ್ಲಿ ಆಡಿದ ಮಾತು, ಮನಸ್ಸಿನಲ್ಲಿ ಹಾಗಿಲ್ಲ ಎಂದು ನಮಗೆ ಗೊತ್ತು. ಮಗುವಿಗೆ ಗೊತ್ತೇ? ಮೊದಲನೆಯದು ಸ್ಕಾರ್ ಆಡಿದ ಮಾತು, ಎರಡನೆಯದು ಯಾಜಕರದು. ಲೂಕ 15ರ ತಂದೆ, ಮಗ ಕಲಿತುಕೊಂಡು ಬಂದ ಕ್ಷಮಾಪಣೆಯ ಮಾತನ್ನು ಪೂರ್ತಿ ಹೇಳಲೂ ಬಿಡದೆ ಅಂಗಿ, ಉಂಗುರ ತರಿಸಿದನು. ಹಣ ತೆಗೆದ ಹುಡುಗ ಅದನ್ನು ಹಿಂದಿರುಗಿಸಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಅಂಗಡಿಗೆ ಅವನೊಬ್ಬನನ್ನೇ ಕಳಿಸದೆ ನೀವೂ ಜೊತೆಗೆ ಹೋಗಿ.

ಇದು ಮಕ್ಕಳಿಗಷ್ಟೇ ಸೇರಿದ ಮಾತಲ್ಲ. ದ್ರಾಕ್ಷಿ ತೋಟಕ್ಕೆ ಮಾಡಿದ ಸಾಲ ತೀರದೆ ನಾಚಿಕೆಯಿಂದ ಪೂಜೆಗೂ ಬಾರದ ಗಂಡಸರಿಗೂ ಯಾರಾದರೂ ಮೊದಲ ಮಾತು ಆಡಬೇಕು. ಮಾತು ಮನೆಯವರ ಕೈಮೀರಿದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಸರ್ಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ. ಇಂಥ ಸಾವು ಈಗಾಗಲೇ ನಡೆದ ಮನೆಯವರ ಮುಂದೆ ನರಕದ ಮಾತು ಎತ್ತುವವರಿದ್ದಾರೆ. ಅದು ಧರ್ಮಸಭೆಯ ಬೋಧನೆಯಲ್ಲ. ಸ್ವಂತ ಜೀವ ತೆಗೆದುಕೊಳ್ಳುವುದು ಘೋರವಾದರೂ, ಮನೋವ್ಯಥೆ ಹೊಣೆಯನ್ನು ಕಡಿಮೆ ಮಾಡಬಲ್ಲದು, ಅಂಥವರ ರಕ್ಷಣೆಯ ವಿಷಯದಲ್ಲಿ ನಿರಾಶರಾಗಬಾರದು, ಅವರಿಗಾಗಿ ಧರ್ಮಸಭೆ ಪ್ರಾರ್ಥಿಸುತ್ತದೆ ಎಂದು ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ (2282-2283).

ಈ ಭಾನುವಾರ ಪೂಜೆಯಿಂದ ಬಂದ ಮೇಲೆ ಅಜ್ಜಿಯಿಂದ ‘ಗೋವಿನ ಹಾಡು’ ಹೇಳಿಸಿ, ಆಮೇಲೆ ಚಿತ್ರ ಹಚ್ಚಿ. ನಡುವೆ ಒಂದು ಸಲ ನಿಲ್ಲಿಸಿ, ಆ ಹುಲಿಗೆ ಪುಣ್ಯಕೋಟಿ ಏನು ಹೇಳಬಹುದಿತ್ತು ಎಂದು ಮಕ್ಕಳನ್ನು ಕೇಳಿ. ಉತ್ತರಕ್ಕೆ ಅವಸರ ಮಾಡಬೇಡಿ. ಸದಾ ಮಾತನಾಡುವ ಮಗು ಆಗ ಸುಮ್ಮನಾದರೆ, ಮೊಬೈಲು ಬದಿಗಿಟ್ಟು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ.