ಪದವಿಪತ್ರವೂ ಪರದೇಶವೂ

ಸತ್ತೇಗಾಲದ ಬಳಿ ನಿಂತು ಕಾವೇರಿಯನ್ನು ನೋಡುವವರಿಗೆ, ಈ ನದಿಯು ಒಂದು ಕಾಲದಲ್ಲಿ ಎರಡು ಸರಕಾರಗಳ ನಡುವಣ ಗಡಿಯಾಗಿದ್ದಿತೆಂಬುದು ಈಗ ಸುಲಭವಾಗಿ ನೆನಪಿಗೆ ಬಾರದು. 1956ನೆಯ ಇಸವಿ ನವೆಂಬರು 1ರ ವರೆಗೆ ಕೊಳ್ಳೇಗಾಲದ ತಾಲ್ಲೂಕು ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯ ಭಾಗವಾಗಿದ್ದಿತು. ಹೊಳೆಯಾಚೆಯ ಮಳವಳ್ಳಿಯು ಮೈಸೂರು ಸೀಮೆ. ಎರಡು ದಡದವರ ಮಾತೂ ಒಂದೇ, ನೆಂಟಸ್ತಿಕೆಯೂ ಉಂಟು. ಆದರೂ ಈಚೆ ದಡದ ಹುಡುಗಿಗೆ ಪದವಿಯೆಂದರೆ 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಪದವಿ; ಆಚೆ ದಡದವಳಿಗೆ 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಪದವಿ. ಒಂದು ಕಡೆಯ ಪತ್ರವನ್ನು ಇನ್ನೊಂದು ಕಡೆಯವರು ಹೇಗೆ ಓದುವರೆಂಬ ಪ್ರಶ್ನೆಯು, ನಮ್ಮ ಸೀಮೆಯವರಿಗೆ ಹಡಗು ಹತ್ತುವುದಕ್ಕೆ ಬಹಳ ಮುಂಚೆ, ಹೊಳೆ ದಾಟಿದೊಡನೆಯೇ ಎದುರಾಗುತ್ತಿದ್ದಿತು.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಮ್ಮ ಹೆಣ್ಣುಮಕ್ಕಳನ್ನು ಮೇಲ್ಪಟ್ಟ ವ್ಯಾಸಂಗಕ್ಕೆ ಹೊರದೇಶಕ್ಕೆ ಕಳುಹಿಸುವ ಯೋಚನೆಯಲ್ಲಿರುವುದರಿಂದ, ಈ ಪ್ರಶ್ನೆಯನ್ನು ಕುರಿತು ನಾವು ಕೆಲವು ಮಾತುಗಳನ್ನು ಬರೆಯಬೇಕೆಂದೆಣಿಸಿದೆವು. ಹಣದ ವಿಚಾರವನ್ನು ಎಲ್ಲರೂ ಕೇಳುತ್ತಾರೆ. ಪದವಿಯು ಅಲ್ಲಿ ಯಾವ ಮೆಟ್ಟಲಿಗೆ ಸಮವಾದೀತೆಂಬುದನ್ನು ಕೇಳುವವರು ವಿರಳ; ಕೇಳಿದರೂ ಬಹುಮಟ್ಟಿಗೆ ಕಾಲ ಮೀರಿದ ಮೇಲೆಯೇ ಕೇಳುತ್ತಾರೆ.

ಮದರಾಸಿನ ಪದವಿಯು ಸಮುದ್ರ ದಾಟಿ ಸಲ್ಲಿದುದಕ್ಕೆ ಶ್ರೀಮತಿ ಜಾನಕಿ ಅಮ್ಮಾಳ್ ಅವರು ಒಳ್ಳೆಯ ನಿದರ್ಶನ. ತಲಚೇರಿಯಲ್ಲಿ 1897ರಲ್ಲಿ ಜನಿಸಿದ ಇವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಆನರ್ಸ್ ಪದವಿಯನ್ನು ಪಡೆದು, ಮಿಷನರಿಗಳ ಪ್ರಯತ್ನದಿಂದ 1915ರಲ್ಲಿ ಆರಂಭವಾಗಿದ್ದ ವಿಮೆನ್ಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಉಪಾಧ್ಯಾಯಿನಿಯಾಗಿದ್ದರು. ಏಷ್ಯಾ ಖಂಡದ ಸ್ತ್ರೀಯರಿಗಾಗಿಯೇ ಅಮೆರಿಕಾದ ಮಿಷಿಗನ್ ವಿಶ್ವವಿದ್ಯಾನಿಲಯದಲ್ಲಿ ಏರ್ಪಟ್ಟಿದ್ದ ಬಾರ್ಬರ್ ವಿದ್ಯಾರ್ಥಿವೇತನವು ಅವರಿಗೆ ದೊರೆಯಿತು. ಅಲ್ಲಿ ಮೊದಲು ಮಾಸ್ಟರ್ ಪದವಿಯನ್ನೂ 1931ರಲ್ಲಿ ಡಾಕ್ಟರ್ ಪದವಿಯನ್ನೂ ಪಡೆದರು.

ಅದೇ ವಿದ್ಯಾರ್ಥಿವೇತನವು ಮುಂದೆ ನಮ್ಮ ಕನ್ನಡ ನಾಡಿನ ಹೆಣ್ಣುಮಗಳೊಬ್ಬಳಿಗೂ ಸಂದಿತು. ಶ್ರೀಮತಿ ರಾಜೇಶ್ವರಿ ಚಟರ್ಜಿಯವರು 1922ರಲ್ಲಿ ಹುಟ್ಟಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊತ್ತಮೊದಲ ಪದವೀಧರೆಯರಲ್ಲೊಬ್ಬರು. ಮೊಮ್ಮಗಳ ಆರಂಭದ ಓದು ಅಜ್ಜಿಯೇ ಸ್ಥಾಪಿಸಿದ ಶಾಲೆಯಲ್ಲಿ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತಶಾಸ್ತ್ರದಲ್ಲಿ ಆನರ್ಸನ್ನೂ ಎಂ.ಎಸ್‌ಸಿ.ಯನ್ನೂ ಮುಗಿಸಿ, 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದರು. ಬಳಿಕ ಸರಕಾರದ ವಿದ್ಯಾರ್ಥಿವೇತನವನ್ನು ಪಡೆದು 1947ರಲ್ಲಿ ಮಿಷಿಗನ್ನಿಗೆ ಹೊರಟರು. ಕೈಯಲ್ಲಿ ಮೈಸೂರಿನ ಎಂ.ಎಸ್‌ಸಿ. ಇದ್ದರೂ ಅಲ್ಲಿ ವಿದ್ಯುತ್ ಎಂಜಿನಿಯರಿಂಗಿನಲ್ಲಿ ಮತ್ತೊಂದು ಮಾಸ್ಟರ್ ಪದವಿಯನ್ನು ಓದಿದರು. ಆ ಮೇಲೆ ವಾಷಿಂಗ್ಟನ್ನಿನ ಮಾನಕ ಸಂಸ್ಥೆಯಲ್ಲಿ ಎಂಟು ತಿಂಗಳ ತರಬೇತು. ತರುವಾಯ ಬಾರ್ಬರ್ ವೇತನದ ನೆರವಿನಿಂದ 1953ರಲ್ಲಿ ಡಾಕ್ಟರ್ ಪದವಿ. ಹಿಂದಿರುಗಿ ಬಂದು ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಮೈಕ್ರೋವೇವ್ ಶಾಸ್ತ್ರವನ್ನು ಬೋಧಿಸುತ್ತ 1982ರ ವರೆಗೆ ದುಡಿದರು.

ಒಮ್ಮೆ ಪಡೆದ ಮಾಸ್ಟರ್ ಪದವಿಯನ್ನು ಇನ್ನೊಮ್ಮೆ ಓದುವುದು ಅವಮಾನವೆಂದು ಕೆಲವು ತಂದೆಗಳು ಭಾವಿಸುವುದನ್ನು ನಾವು ಕಂಡಿದ್ದೇವೆ. ವಿಷಯವನ್ನು ಬದಲಿಸುವವರಿಗೆ, ಅಂತೆಯೇ ಹೊಸ ವಿದ್ಯಾಪೀಠದವರ ಪರಿಚಯವಿಲ್ಲದವರಿಗೆ, ಅದು ನೆಲೆಯೂರುವ ಜಾಗವಾಗಬಲ್ಲದೆಂಬುದಕ್ಕೆ ಈ ಹಿರಿಯರ ಬಾಳು ಸಾಕ್ಷಿ.

ಆದರೆ ಎಲ್ಲರ ವಿಷಯದಲ್ಲಿಯೂ ಹೀಗಾಗಲಿಲ್ಲ. ಶ್ರೀಮತಿ ಅನ್ನಾ ಮಣಿಯವರು 1918ರಲ್ಲಿ ಪೀರುಮೇಡಿನ ಸಿರಿಯನ್ ಕ್ರೈಸ್ತ ಮನೆತನದಲ್ಲಿ ಜನಿಸಿದರು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಪಡೆದು, 1940ರಲ್ಲಿ ಬೆಂಗಳೂರಿಗೆ ಬಂದು ಸರ್ ಸಿ. ವಿ. ರಾಮನ್ನರ ಪ್ರಯೋಗಾಲಯವನ್ನು ಸೇರಿದರು. ವಜ್ರ, ಕೆಂಪುಗಳ ಹೊಳಪನ್ನು ಕುರಿತ ಅವರ ಸಂಶೋಧನೆಯಲ್ಲಿ ಒಂದೊಂದು ಛಾಯಾಫಲಕಕ್ಕೂ ಹದಿನೈದು ಇಪ್ಪತ್ತು ಗಂಟೆಗಳ ಕಾಲ ಬೆಳಕು ಬೀಳಿಸಬೇಕಾಗಿದ್ದುದರಿಂದ, ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲಿಯೇ ಮಲಗುತ್ತಿದ್ದರಂತೆ. ತಮ್ಮೊಬ್ಬರ ಹೆಸರಿನಲ್ಲಿಯೇ ಐದು ಲೇಖನಗಳನ್ನು ಪ್ರಕಟಿಸಿದರು. ಅಂದು ಆ ಸಂಸ್ಥೆಗೆ ತಾನೇ ಪದವಿ ಕೊಡುವ ಅಧಿಕಾರವಿರಲಿಲ್ಲವಾದಕಾರಣ, 1945ರ ಆಗಸ್ಟಿನಲ್ಲಿ ತಮ್ಮ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾನಿಲಯಕ್ಕೆ ಒಪ್ಪಿಸಿದರು. ಎಂ.ಎಸ್‌ಸಿ. ಪದವಿಯಿಲ್ಲವೆಂಬ ಕಾರಣದಿಂದ ಡಾಕ್ಟರ್ ಪದವಿಯನ್ನು ನಿರಾಕರಿಸಲಾಯಿತು. ಕೆಲಸದಲ್ಲಿ ಕುಂದಿರಲಿಲ್ಲ, ಮೆಟ್ಟಲುಗಳ ಎಣಿಕೆಯಲ್ಲಿ ಒಂದು ಕಡಮೆಯಾಗಿತ್ತು. ಐದು ವರ್ಷಗಳ ದುಡಿಮೆಗೆ ಪದವಿಯ ಹೆಸರೇ ದೊರೆಯದೆ ಹೋಯಿತು.

ಅದೇ ವರ್ಷ ಅವರು ಸರಕಾರದ ವೇತನದಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ತೆರಳಿದರು. ಅವರಿಗೆ ಬೇಕಾಗಿದ್ದುದು ಭೌತಶಾಸ್ತ್ರ. ದೊರೆತುದು ಹವಾಮಾನದ ಉಪಕರಣಗಳನ್ನು ಅಭ್ಯಸಿಸುವ ಅವಕಾಶ. ಅದನ್ನೇ ಹಿಡಿದು 1948ರಲ್ಲಿ ಮರಳಿ ಬಂದು, ಪುಣೆಯ ಹವಾಮಾನ ಇಲಾಖೆಯನ್ನು ಸೇರಿ, ದೇಶದಲ್ಲಿಯೇ ಆ ಉಪಕರಣಗಳು ತಯಾರಾಗುವಂತೆ ಮಾಡಿದರು. ಡಾಕ್ಟರ್ ಎಂಬ ಪದವಿ ಅವರಿಗೆ ಕಡೆಯವರೆಗೂ ಬರಲಿಲ್ಲ. ಅವರು ಇದನ್ನು ದೊಡ್ಡದು ಮಾಡಲಿಲ್ಲವೆಂದು ಹೇಳುವರು. ಅವರ ಸಹನೆಯು ದೊಡ್ಡದು, ನಿಜ. ಆದರೆ ಅದು ಆ ನಿಯಮಕ್ಕೆ ಸಮರ್ಥನೆಯಾಗದೆಂದು ನಮ್ಮ ಅಭಿಪ್ರಾಯ.

ಇಂಥ ಸಂಕುಚಿತತೆ ನಮ್ಮ ದೇಶದಲ್ಲಿ ಮಾತ್ರ ಇದ್ದಿತೆಂದು ಯಾರೂ ತಿಳಿಯಬೇಕಾದುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸ್ತ್ರೀಯರಿಗೆ ಪುರುಷರಿಗೆ ಸಮನಾದ ಪೂರ್ಣ ಪದವಿಗಳನ್ನು ಕೊಡತೊಡಗಿದುದು 1948ರಲ್ಲಿ.

ಈಗಿನ ಸ್ಥಿತಿಯನ್ನು ನೋಡೋಣ. ಇಂದು ಮುಖ್ಯವಾದ ತೊಡಕು ವರ್ಷಗಳ ಲೆಕ್ಕದ್ದು. ನಮ್ಮ ಮಕ್ಕಳು ಹನ್ನೆರಡು ವರ್ಷ ಓದಿ ಮೂರು ವರ್ಷಗಳ ಬಿ.ಎ., ಬಿ.ಎಸ್‌ಸಿ., ಇಲ್ಲವೆ ಬಿ.ಕಾಂ. ಮುಗಿಸಿದರೆ ಒಟ್ಟು ಹದಿನೈದಾಯಿತು. ಅಮೆರಿಕಾದಲ್ಲಿ ಪದವಿಯ ಓದು ನಾಲ್ಕು ವರ್ಷ. ಆದುದರಿಂದ ಅಲ್ಲಿನ ಅನೇಕ ವಿದ್ಯಾಪೀಠಗಳು ಹದಿನಾರು ವರ್ಷಗಳನ್ನು ಅಪೇಕ್ಷಿಸುತ್ತವೆ. ಮತ್ತೆ ಕೆಲವು, ಓದಿದ ಕಾಲೇಜಿನ ದರ್ಜೆಯನ್ನೂ ಅಂಕಗಳನ್ನೂ ನೋಡಿ ಮೂರು ವರ್ಷದ ಪದವಿಯನ್ನೇ ಒಪ್ಪುತ್ತವೆ. ಇಂಗ್ಲೆಂಡಿನಲ್ಲಿ ಅವರ ಪದವಿಯೇ ಮೂರು ವರ್ಷದ್ದಾದುದರಿಂದ ಈ ತೊಡಕು ಕಡಮೆ. ಅಲ್ಲಿ ಅಂಕಗಳ ಮೇಲೆಯೇ ಹೆಚ್ಚು ಕಣ್ಣು. ಜರ್ಮನಿಗೆ ಹೋಗುವವರ ಪತ್ರಗಳನ್ನು 2022ರ ನವೆಂಬರಿನಿಂದ ದೆಹಲಿಯಲ್ಲಿರುವ ಅವರದೇ ಕಚೇರಿಯೊಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಏರ್ಪಾಡಾಗಿದೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ನಾಲ್ಕು ವರ್ಷದ ಆನರ್ಸ್ ಕ್ರಮವು ಬಂದು, 2024ರಲ್ಲಿ ಮತ್ತೆ ಮೂರು ವರ್ಷದ ಕ್ರಮಕ್ಕೆ ಹಿಂದಿರುಗಿದುದು ಪಾಲಕರಿಗೆ ತಿಳಿದೇ ಇದೆ. ಒಂದೇ ಮನೆಯ ಅಕ್ಕತಂಗಿಯರಿಬ್ಬರ ಪದವಿಗಳು ಎರಡು ಬಗೆಯಾಗಿರುವುದು ಇದರಿಂದ ಸಂಭವಿಸಬಹುದು. ಆದಕಾರಣ ಮಗಳು ಪಿ.ಯು. ಮುಗಿಸಿ ಕಾಲೇಜನ್ನು ಆರಿಸುವ ದಿನವೇ ಈ ಎಣಿಕೆಯನ್ನು ಮಾಡಬೇಕು. ಮೂರು ವರ್ಷದ ಪದವಿಯ ಮೇಲೆ ಇಲ್ಲಿಯೇ ಎಂ.ಎ. ಅಥವಾ ಎಂ.ಎಸ್‌ಸಿ. ಓದಿ ಹೋದರೆ ವರ್ಷಗಳ ಕೊರತೆ ನೀಗುವುದು.

ಇನ್ನೊಂದು ತೊಡಕು ನೋಡುವುದಕ್ಕೆ ಅಲ್ಪವಾದರೂ ತುಂಬ ಕಾಡುವಂಥದು, ಅದು ಹೆಸರಿನದು. ನಮ್ಮ ಕಡೆಯ ಹುಡುಗಿಗೆ ಮನೆತನದ ಹೆಸರೆಂಬುದು ಬಹುಶಃ ಇರುವುದೇ ಇಲ್ಲ. ಊರಿನ ಮೊದಲಕ್ಷರ, ತಂದೆಯ ಹೆಸರಿನ ಮೊದಲಕ್ಷರ, ಆಮೇಲೆ ಆಕೆಯ ಹೆಸರು: ಇದು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ಕ್ರಮ. ಪಾಸ್‌ಪೋರ್ಟಿನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಪೂರ್ಣ ಹೆಸರುಗಳಾಗುತ್ತವೆ; ಮದುವೆಯಾಗಿದ್ದರೆ ಗಂಡನ ಹೆಸರೂ ಸೇರೀತು. ಪರದೇಶದ ಗುಮಾಸ್ತನ ಕಣ್ಣಿಗೆ ಇವರು ಮೂವರು ಬೇರೆ ಬೇರೆ ಹೆಂಗಸರು! ಅಂಕಪಟ್ಟಿ, ಪದವಿಪತ್ರ, ಪಾಸ್‌ಪೋರ್ಟು ಇವುಗಳಲ್ಲಿ ಹೆಸರು ಒಂದೇ ರೀತಿಯಾಗಿರುವಂತೆ ಮೊದಲೇ ನೋಡಿಕೊಂಡರೆ, ಆಮೇಲೆ ಅಫಿಡವಿಟ್ಟು ಹಿಡಿದು ಅಲೆಯುವ ಕಷ್ಟವು ತಪ್ಪೀತು.

ಅಂಕಗಳ ಪೂರ್ಣ ವಿವರವಿರುವ ಟ್ರಾನ್ಸ್‌ಕ್ರಿಪ್ಟ್ ಎಂಬ ಪತ್ರವನ್ನು ಅನೇಕ ವಿದ್ಯಾಪೀಠಗಳು ವಿದ್ಯಾರ್ಥಿನಿಯ ಕೈಯಿಂದ ಸ್ವೀಕರಿಸುವುದಿಲ್ಲ. ಪದವಿ ಕೊಟ್ಟ ವಿಶ್ವವಿದ್ಯಾನಿಲಯವೇ ಮುದ್ರೆಯೊತ್ತಿ ಕಳುಹಿಸಬೇಕು. ಇದಕ್ಕೆ ವಾರಗಳೇ ಹಿಡಿಯಬಹುದು. ಪಾಠಕ್ರಮದ ಪುಸ್ತಕವನ್ನೂ ಪರೀಕ್ಷೆ ಮುಗಿದೊಡನೆ ರದ್ದಿಗೆ ಹಾಕಬಾರದು. ಯಾವ ವಿಷಯವನ್ನು ಎಷ್ಟು ಗಂಟೆ ಓದಿದಳೆಂಬುದನ್ನು ಅಲ್ಲಿ ಕೇಳಿದರೆ ಆ ಪುಸ್ತಕವೊಂದೇ ಉತ್ತರ. ಚಾಮರಾಜನಗರದ ವಿಶ್ವವಿದ್ಯಾನಿಲಯದಂತೆ 2023ರಲ್ಲಷ್ಟೇ ಆರಂಭವಾದ ವಿದ್ಯಾಪೀಠಗಳ ಹೆಸರನ್ನು ಹೊರದೇಶದವರು ಕೇಳಿರಲಾರರು. ಅಂಥವುಗಳ ವಿದ್ಯಾರ್ಥಿನಿಯರಿಗೆ ಇದು ಇನ್ನೂ ಅವಶ್ಯಕ.

ಕಡೆಗೆ, ಹಿಂದಿರುಗಿ ಬರುವವರ ವಿಚಾರ. ಹೊರದೇಶದ ಪದವಿಯನ್ನು ಇಲ್ಲಿ ಉದ್ಯೋಗಕ್ಕಾಗಿ ಅಥವಾ ಮುಂದಿನ ಓದಿಗಾಗಿ ತೋರಿಸಬೇಕಾದಾಗ ಅದಕ್ಕೂ ಸಮಾನತೆಯ ಪತ್ರ ಬೇಕಾಗಬಹುದು. ಬಹುಕಾಲದಿಂದ ಇದನ್ನು ಭಾರತೀಯ ವಿಶ್ವವಿದ್ಯಾನಿಲಯಗಳ ಸಂಘವು ಕೊಡುತ್ತ ಬಂದಿದ್ದಿತು. 2025ರಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗವು ಈ ಬಗೆಗೆ ಹೊಸ ನಿಯಮಾವಳಿಯನ್ನು ಹೊರಡಿಸಿದೆ. ಆದುದರಿಂದ ಮಗಳು ಹೊರಡುವ ಮುನ್ನ, ಸೇರಲಿರುವ ವಿದ್ಯಾಪೀಠಕ್ಕೆ ಅದರ ಸ್ವಂತ ದೇಶದಲ್ಲಿ ಮನ್ನಣೆಯಿದೆಯೇ ಎಂಬುದನ್ನು ವಿಚಾರಿಸಿ, ಆ ಉತ್ತರವನ್ನು ಬರಹದಲ್ಲಿಯೇ ಪಡೆದು, ಅಂಕಪಟ್ಟಿಗಳ ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂದು ಪಾಲಕರಲ್ಲಿ ನಮ್ಮ ಅರಿಕೆ.