ಪಡಸಾಲೆಯಿಂದ ದನದ ಕೊಟ್ಟಿಗೆಯವರೆಗೆ: ಮನೆಯ ಇಂಟರ್‌ನೆಟ್ ಹಂಚಿಕೊಳ್ಳೋದು ಹೇಗೆ?

ದಸರಾ ಹೊತ್ತಿಗೆ ದೇವರಗುಡ್ಡದಲ್ಲಿ ಮಾಲತೇಶನ ಕಾರಣಿಕ ನೋಡಲು ಹೋದವರಿಗೆ ಈ ಅನುಭವ ಆಗಿರುತ್ತದೆ. ಗೊರವಯ್ಯ ಬಿಲ್ಲು ಏರಿ ಒಂದು ಸಾಲು ನುಡಿದು ಮುಗಿಸುತ್ತಾನೆ. ಮಳೆ-ಬೆಳೆ ಬಗ್ಗೆ ಅದರ ಅರ್ಥ ಏನು ಅನ್ನೋ ಚರ್ಚೆ ಅಲ್ಲೇ ಶುರುವಾಗುತ್ತದೆ. ಆದರೆ ಆ ವಿಡಿಯೋ ಮನೆಗೆ ಕಳಿಸೋಣ ಅಂದ್ರೆ ಫೋನಿನಲ್ಲಿ ಚಕ್ರ ತಿರುಗುತ್ತಲೇ ಇರುತ್ತದೆ. ಟವರ್ ಒಂದೋ ಎರಡೋ, ಫೋನು ಸಾವಿರಾರು. ಅದೇ ಊರಲ್ಲಿ ಫೈಬರ್ ಸಂಪರ್ಕ ಇರುವ ಮನೆಯವರಿಗೆ ಈ ಕಾಟ ಇಲ್ಲ, ಯಾಕಂದ್ರೆ ಅವರ ಇಂಟರ್‌ನೆಟ್ ಮೊಬೈಲ್ ಟವರ್ ಮೇಲಿಂದ ಬರೋದೇ ಇಲ್ಲ.

ಹಳ್ಳಿಗಳಿಗೆ ಫೈಬರ್ ಬಂದದ್ದು ಇತ್ತೀಚೆಗೆ. ಗ್ರಾಮ ಪಂಚಾಯತಿವರೆಗೆ ಫೈಬರ್ ಎಳೆಯುವ ಕೇಂದ್ರ ಸರ್ಕಾರದ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಆಮೇಲೆ ಅದಕ್ಕೆ ಭಾರತ್‌ನೆಟ್ ಅಂತ ಹೆಸರಾಯ್ತು. ಈಗ ಖಾಸಗಿ ಕಂಪನಿಗಳೂ ಕೇಬಲ್ ಟಿವಿಯವರೂ ಹಳ್ಳಿ ಓಣಿಗಳಲ್ಲಿ ಎಳೆ ಹಾಕುತ್ತಿದ್ದಾರೆ. ತಂತಿ ಮನೆಯೊಳಗೆ ಬಂತು, ಸರಿ. ಅಲ್ಲಿಂದ ಮುಂದಿನ ಕೆಲಸ ನಮ್ಮದು, ಮತ್ತು ಹೆಚ್ಚಿನವರು ಎಡವೋದು ಅಲ್ಲೇ.

ನಾನೂ ಎಡವಿದೆ. ನಮ್ಮ ಮನೆಯಲ್ಲಿ ಎಮ್ಮೆ ಈಯುವ ದಿನ ಹತ್ತಿರ ಬಂದಿತ್ತು. ರಾತ್ರಿ ಪದೇ ಪದೇ ಎದ್ದು ಹೋಗೋದು ಬ್ಯಾಡ ಅಂತ ಕೊಟ್ಟಿಗೆಗೆ ಒಂದು ವೈಫೈ ಕ್ಯಾಮೆರಾ ಹಾಕಿದ್ದೆ. ಕ್ಯಾಮೆರಾಕ್ಕೆ ಬ್ಯಾಟರಿ ಇತ್ತು, ಪಡಸಾಲೆಯಲ್ಲಿದ್ದ ರೌಟರ್‌ಗೆ ಇರಲಿಲ್ಲ. ರಾತ್ರಿ ಕರೆಂಟು ಹೋಯಿತು, ಫೋನಿನಲ್ಲಿ ಚಿತ್ರ ನಿಂತಿತು. ಈಗ ಬರ್ತದ, ಇನ್ನೊಂದು ಚೂರು ನೋಡೋಣ ಅಂತ ಮಲಗಿದವನಿಗೆ ನಿದ್ದೆ ಹತ್ತಿತು. ಬೆಳಗ್ಗೆ ಅವ್ವ ಹೋಗಿ ನೋಡಿದಾಗ ಕರು ಸತ್ತಿತ್ತು. ಮೂಗಿನ ಮೇಲೆ ಪೊರೆ ಹಾಗೇ ಉಳಿದಿತ್ತು. ಒಬ್ಬರು ಪಕ್ಕದಲ್ಲಿದ್ದು ಬಟ್ಟೆಯಿಂದ ಒರೆಸಿದ್ದರೆ ಸಾಕಾಗಿತ್ತು. ಅಪ್ಪ ಏನೂ ಅನ್ನಲಿಲ್ಲ. ಅದಕ್ಕೇ ಈ ಲೇಖನದಲ್ಲಿ ವೇಗದ ಮಾತಿಗಿಂತ ಮೊದಲು ಕರೆಂಟಿನ ಮಾತು.

ಮೊದಲು ಕರೆಂಟು

ಮನೆಯ ರೌಟರ್ ಒಂದು ಸಣ್ಣ ಎಲ್‌ಇಡಿ ಬಲ್ಬಿನಷ್ಟು ಕರೆಂಟು ತಿನ್ನುವ ಪೆಟ್ಟಿಗೆ. ಬಹುತೇಕ ಪೆಟ್ಟಿಗೆಗಳು 12 ವೋಲ್ಟ್ ಅಡಾಪ್ಟರ್ ಮೇಲೆ ನಡೆಯುತ್ತವೆ. ಇವಕ್ಕೆ ಅಂತಲೇ ರೌಟರ್ ಯುಪಿಎಸ್ ಅನ್ನೋ ಅಂಗೈ ಅಗಲದ ಬ್ಯಾಟರಿ ಪೆಟ್ಟಿಗೆ ಸಿಗುತ್ತದೆ, ಕೆಲವು ತಾಸು ಎಳೆಯುತ್ತದೆ. ಕೊಳ್ಳುವ ಮುಂಚೆ ಹಳೆ ಅಡಾಪ್ಟರ್ ಮೇಲೆ ಬರೆದಿದ್ದನ್ನು ಓದ್ರಿ. ವೋಲ್ಟ್ ಎರಡರದ್ದೂ ಒಂದೇ ಇರಬೇಕು. ಆಂಪಿಯರ್ ಅಷ್ಟೇ ಇರಬೇಕು ಇಲ್ಲಾ ಹೆಚ್ಚಿರಬೇಕು. 9 ವೋಲ್ಟಿನ ಪೆಟ್ಟಿಗೆಗೆ 12 ವೋಲ್ಟ್ ಚುಚ್ಚಿದರೆ ಸುಟ್ಟು ಹೋಗಬಹುದು.

ಕೆಲವು ಮನೆಯಲ್ಲಿ ಪೆಟ್ಟಿಗೆ ಎರಡಿರುತ್ತವೆ. ಫೈಬರ್ ಎಳೆ ಬಂದು ಸೇರುವ ಓಎನ್‌ಟಿ ಒಂದು, ವೈಫೈ ಕೊಡುವ ರೌಟರ್ ಇನ್ನೊಂದು. ಎರಡಕ್ಕೂ ಬ್ಯಾಟರಿ ಬೇಕು, ಒಂದಕ್ಕೇ ಕೊಟ್ಟು ಯಾಕೆ ಬರವಲ್ದು ಅಂತ ತಲೆ ಕೆಡಿಸಿಕೊಳ್ಳಬೇಡ್ರಿ. ಈಗ ಬರುವ ಬಹಳಷ್ಟು ಪೆಟ್ಟಿಗೆಗಳಲ್ಲಿ ಎರಡೂ ಒಂದರಲ್ಲೇ ಇರುತ್ತವೆ.

ಜಾಗ ಎಲ್ಲಿ?

ಸಂಪರ್ಕ ಕೊಡಲು ಬಂದ ಹುಡುಗ ಎಲ್ಲಿ ತಂತಿ ಕಡಿಮೆ ಬೇಕಾಗುತ್ತದೋ ಅಲ್ಲೇ ರೌಟರ್ ಹೊಡೆದು ಹೋಗುತ್ತಾನೆ, ಅಂದ್ರೆ ಬಾಗಿಲ ಪಕ್ಕ. ನಮ್ಮಲ್ಲಿ ಅದು ಕಬ್ಬಿಣದ ಕಪಾಟಿನ ಹಿಂದೆ ಇತ್ತು. ಸಿಗ್ನಲ್ ಬರಂಗಿಲ್ಲ ಅಂತ ನಾನು ದುಡ್ಡು ಹಾಕಿ ದೊಡ್ಡ ಪ್ಲಾನ್ ತೊಗೊಂಡೆ. ಕೊಟ್ಟಿಗೆಯಲ್ಲಿ ಒಂದು ಕಡ್ಡಿಯೂ ಹೆಚ್ಚಾಗಲಿಲ್ಲ. ಪ್ಲಾನಿನ ಎಂಬಿಪಿಎಸ್ ಅಂದ್ರೆ ಕಾಲುವೆಯಿಂದ ನಿಮ್ಮ ತೂಬಿಗೆ ಬರುವ ನೀರು. ತೂಬಿನಿಂದ ಹೊಲದ ತುದಿಗೆ ಅದು ಮುಟ್ಟುತ್ತದೋ ಇಲ್ಲವೋ ಅನ್ನೋದು ಬೇರೆ ಲೆಕ್ಕ.

ವೈಫೈಗೆ ದೊಡ್ಡ ವೈರಿಗಳು ಕಬ್ಬಿಣ, ತಗಡು, ನೀರು ಮತ್ತು ದಪ್ಪ ಗೋಡೆ. ನಮ್ಮ ಕಡೆಯ ಹಳೆ ಮನೆಗಳ ಕಲ್ಲು-ಮಣ್ಣಿನ ಗೋಡೆ ಒಂದನ್ನು ದಾಟುವಷ್ಟರಲ್ಲಿ ಸಿಗ್ನಲ್ ಸೊರಗುತ್ತದೆ. ರೌಟರನ್ನು ಮನೆ ನಡುವೆ, ತಲೆಗಿಂತ ಎತ್ತರದಲ್ಲಿ, ತೆರೆದ ಜಾಗದಲ್ಲಿ ಇಡ್ರಿ. ಹೆಚ್ಚಿನ ರೌಟರ್‌ಗಳು ಎರಡು ಹೆಸರಿನ ವೈಫೈ ಕೊಡುತ್ತವೆ. 2.4 ಗಿಗಾಹರ್ಟ್ಸ್ ದೂರ ಹೋಗುತ್ತದೆ, ವೇಗ ಕಡಿಮೆ. 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟೋದು ಕಷ್ಟ. ಕ್ಯಾಮೆರಾ, ಮೋಟಾರ್ ಸ್ಟಾರ್ಟರ್‌ನಂಥವು 2.4ರಲ್ಲಿರಲಿ, ಪಡಸಾಲೆಯ ಟಿವಿ, ಮಕ್ಕಳ ಪಾಠ 5ರಲ್ಲಿರಲಿ.

ವೇಗ ಪರೀಕ್ಷೆ ಮಾಡುವಾಗಲೂ ರೌಟರ್ ಎದುರೇ ನಿಂತು 5ರಲ್ಲಿ ಒಮ್ಮೆ ನೋಡ್ರಿ. ಅಲ್ಲಿ ವೇಗ ಪೂರ್ತಿ ಇದ್ದು ಹಿತ್ತಲಲ್ಲಿ ಇಲ್ಲ ಅಂದ್ರೆ ಕಂಪನಿ ಜೊತೆ ಜಗಳ ಆಡಿ ಉಪಯೋಗ ಇಲ್ಲ.

ಕೊಟ್ಟಿಗೆಗೆ, ಹೊಲಕ್ಕೆ

ಜಾಗ ಬದಲಿಸಿದರೂ ಮುಟ್ಟದಿದ್ದರೆ ಎರಡನೇ ರೌಟರ್ ಬೇಕು. ಗೋಡೆಗೆ ಚುಚ್ಚುವ ರಿಪೀಟರ್ ಅಗ್ಗ, ಆದರೆ ಅದು ಕೇಳಿದ್ದನ್ನೇ ಮತ್ತೆ ಕೂಗುವ ಯಂತ್ರ. ಸಾಮಾನ್ಯವಾಗಿ ವೇಗ ಅರ್ಧಕ್ಕೆ ಇಳಿಯುತ್ತದೆ. ತಂತಿ ಎಳೆಯೋದೇ ಒಳ್ಳೇದು. ಲ್ಯಾನ್ ತಂತಿ 100 ಮೀಟರ್‌ವರೆಗೆ ನಡೆಯುತ್ತದೆ. ಎರಡನೇ ರೌಟರಿನ ಸೆಟ್ಟಿಂಗ್‌ನಲ್ಲಿ ಆಕ್ಸೆಸ್ ಪಾಯಿಂಟ್ ಅನ್ನೋ ಆಯ್ಕೆ ಇರುತ್ತದೆ, ಅದನ್ನು ಆರಿಸ್ರಿ. ಇಲ್ಲದಿದ್ದರೆ ಎರಡೂ ಪೆಟ್ಟಿಗೆಗಳು ಫೋನುಗಳಿಗೆ ವಿಳಾಸ ಹಂಚಲು ಹೋಗಿ ಗೊಂದಲ ಆಗುತ್ತದೆ. ಒಂದು ಮನೆಗೆ ಇಬ್ಬರು ಯಜಮಾನರು ಆದಂಗೆ.

ಒಂದು ಎಚ್ಚರಿಕೆ. ಲ್ಯಾನ್ ತಂತಿ ತಾಮ್ರದ್ದು. ಅದನ್ನು ಬಯಲಿನಲ್ಲಿ ಕಂಬದಿಂದ ಕಂಬಕ್ಕೆ ಎಳೆದರೆ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರ ಸಿಡಿಲು ಬಿದ್ದಾಗ ಎರಡೂ ತುದಿಯ ಪೆಟ್ಟಿಗೆ ಹೋಗಬಹುದು. ಬಯಲು ದಾಟಬೇಕಾದ ಕಡೆ ಕಬ್ಬಿಣ ಇಲ್ಲದ ಫೈಬರ್ ಎಳೆ ಅಥವಾ ವೈರ್‌ಲೆಸ್ ಜೋಡಿ ಬಳಸ್ರಿ.

ವೈರ್‌ಲೆಸ್ ಜೋಡಿ ಅಂದ್ರೆ ಮಾಳಿಗೆ ಮೇಲೊಂದು, ಪಂಪ್‌ಸೆಟ್ ಮನೆ ಮೇಲೊಂದು, ಎದುರುಬದುರು ಮುಖ ಮಾಡಿದ ಆಂಟೆನಾ. ನಡುವೆ ಅಡ್ಡಿ ಇಲ್ಲದಿದ್ದರೆ ಒಂದೆರಡು ಕಿಲೋಮೀಟರ್ ಆರಾಮ ನಡೆಯುತ್ತದೆ. ಇದಕ್ಕೆ ಬಳಸುವ 5 ಗಿಗಾಹರ್ಟ್ಸ್ ತರಂಗಗಳಿಗೆ 2018ರಲ್ಲಿ ಸರ್ಕಾರ ಲೈಸೆನ್ಸ್ ತೆಗೆದುಹಾಕಿದೆ, ನಿಗದಿತ ಶಕ್ತಿ ಮೀರಬಾರದು ಅಷ್ಟೇ. ಬೇಸಿಗೆಯಲ್ಲಿ ಹೊಲ ಖಾಲಿ ಇದ್ದಾಗ ಕೂಡಿಸಿ ಖುಷಿಪಡಬೇಡ್ರಿ. ಗೋವಿನಜೋಳ ಆಳೆತ್ತರ ದಾಟಿದ ಮೇಲೂ ಆಂಟೆನಾ ಅದರ ಮೇಲಿಂದ ಕಾಣಬೇಕು.

ಕ್ಯಾಮೆರಾ ಎಷ್ಟು ಡೇಟಾ ತಿನ್ನುತ್ತದೆ ಅಂತ ಹಲವರು ಕೇಳುತ್ತಾರೆ. 2 ಎಂಬಿಪಿಎಸ್‌ನಲ್ಲಿ ದಿನಪೂರ್ತಿ ಇಂಟರ್‌ನೆಟ್‌ಗೆ ಕಳಿಸಿದರೆ ದಿನಕ್ಕೆ ಸುಮಾರು 21 ಜಿಬಿ. ಮೆಮೊರಿ ಕಾರ್ಡಿಗೆ ರೆಕಾರ್ಡ್ ಮಾಡುವಂತೆ ಇಟ್ಟರೆ ನೀವು ಹೊರಗಿನಿಂದ ಫೋನಿನಲ್ಲಿ ನೋಡುವಾಗಷ್ಟೇ ಹೆಚ್ಚು ಖರ್ಚು.

ಪಕ್ಕದ ಮನೆಗೆ ಕೊಡಬಹುದಾ?

ಅಣ್ಣ-ತಮ್ಮಂದಿರು ಬೇರೆ ಆಗಿ ನಡುವೆ ಒಂದು ಗೋಡೆ ಎದ್ದ ಮನೆಗಳಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಕಾಕಾನ ಮಗಳ ಆನ್‌ಲೈನ್ ಪರೀಕ್ಷೆಗೆ ಪಾಸ್‌ವರ್ಡ್ ಕೊಡಲ್ಲ ಅನ್ನೋಕೆ ಆಗೋದಿಲ್ಲ, ಅನ್ನಲೂಬಾರದು. ಆದರೆ ಓಣಿಗೆಲ್ಲ ಕೊಟ್ಟು ತಿಂಗಳ ದುಡ್ಡು ಎತ್ತಿದರೆ ಅದು ಮಾರಾಟ. ಮನೆ ಸಂಪರ್ಕದ ಕರಾರಿನಲ್ಲಿ ಸಾಮಾನ್ಯವಾಗಿ ಅದಕ್ಕೆ ಅವಕಾಶ ಇರೋದಿಲ್ಲ. ಜೊತೆಗೆ ಸಂಪರ್ಕ ನಿಮ್ಮ ಹೆಸರಿನಲ್ಲಿದೆ. ಅದರ ಮೂಲಕ ಯಾರಾದರೂ ಮೋಸ ಮಾಡಿದರೆ ವಿಚಾರಣೆ ಮೊದಲು ಬರೋದು ನಿಮ್ಮ ಬಾಗಿಲಿಗೆ. ಅಂಗಡಿ ಇದ್ದು ನಾಲ್ಕು ಜನಕ್ಕೆ ವೈಫೈ ಮಾರಬೇಕು ಅನ್ನೋರಿಗೆ ನೇರ ದಾರಿ ಇದೆ. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಡಿ ಕಿರಾಣಿ ಅಂಗಡಿಯೂ ಲೈಸೆನ್ಸ್ ಇಲ್ಲದೆ ಸಾರ್ವಜನಿಕ ವೈಫೈ ನಡೆಸಬಹುದು.

ಮನೆಯೊಳಗೆ ಮಾಡಬೇಕಾದ್ದು ಇಷ್ಟು. ರೌಟರ್ ತಳದ ಚೀಟಿಯಲ್ಲಿರುವ ವಿಳಾಸವನ್ನು, ಹೆಚ್ಚಾಗಿ 192.168.1.1 ಅಂತಿರುತ್ತದೆ, ಫೋನಿನ ಬ್ರೌಸರ್‌ನಲ್ಲಿ ಹಾಕಿ ಒಳಗೆ ಹೋಗ್ರಿ. ವೈಫೈ ಪಾಸ್‌ವರ್ಡ್ ಬೇರೆ, ಈ ಒಳಗಿನ ಅಡ್ಮಿನ್ ಪಾಸ್‌ವರ್ಡ್ ಬೇರೆ, ಎರಡನ್ನೂ ಬದಲಿಸ್ರಿ. ಭದ್ರತೆ ಡಬ್ಲ್ಯುಪಿಎ2 ಅಥವಾ 3 ಇರಲಿ. ಗೆಸ್ಟ್ ನೆಟ್‌ವರ್ಕ್ ಆಯ್ಕೆ ಇದ್ದರೆ ಜಾತ್ರೆಗೆ ಬಂದ ಬೀಗರಿಗೂ ಪಕ್ಕದ ಮನೆಗೂ ಅದನ್ನೇ ಕೊಡ್ರಿ. ಇಂಟರ್‌ನೆಟ್ ಅವರಿಗೆ ಸಿಗುತ್ತದೆ, ನಿಮ್ಮ ಕ್ಯಾಮೆರಾ ಅವರ ಕೈಗೆ ಸಿಗೋದಿಲ್ಲ. ಬ್ಯಾಂಕಿನ ಓಟಿಪಿ ಮಾತ್ರ ಯಾವ ರೌಟರೂ ಕಾಯೋದಿಲ್ಲ. ರೈತ ಯೋಜನೆ ಹೆಸರಲ್ಲಿ ವಾಟ್ಸಪ್‌ಗೆ ಬರುವ ಎಪಿಕೆ ಫೈಲ್ ಒತ್ತಿದರೆ ಅದು ನಿಮ್ಮ ಕೈಯಿಂದಲೇ ಆದ ಕೆಲಸ.

ಸಂಪರ್ಕ ಹೋದಾಗ ಎಲ್ಲಕ್ಕಿಂತ ಮೊದಲು ದೀಪ ನೋಡ್ರಿ. ಎಲ್‌ಓಎಸ್ ಅನ್ನೋ ದೀಪ ಕೆಂಪಾಗಿದ್ದರೆ ಬೆಳಕು ಫೈಬರ್ ಒಳಗೆ ಬರುತ್ತಿಲ್ಲ: ಎಲ್ಲೋ ಎಳೆ ಹರಿದಿದೆ, ಮಡಚಿದೆ, ಇಲ್ಲಾ ಇಲಿ ಕಡಿದಿದೆ. ರೌಟರ್ ಹತ್ತು ಸಲ ಆಫ್-ಆನ್ ಮಾಡಿದರೂ ಬರೋದಿಲ್ಲ, ಕಂಪನಿಗೆ ಫೋನ್ ಮಾಡಬೇಕು. ಪಾನ್ ದೀಪ ಹಸಿರಾಗಿ ನಿಂತಿದ್ದು ವೈಫೈ ಮಾತ್ರ ಇಲ್ಲ ಅಂದ್ರೆ ತೊಂದರೆ ಹೆಚ್ಚಾಗಿ ನಿಮ್ಮ ಪೆಟ್ಟಿಗೆಯದ್ದು. ಸಂಪರ್ಕದ ನಂಬರನ್ನು ಪೆಟ್ಟಿಗೆ ಪಕ್ಕ ಗೋಡೆ ಮೇಲೆ ಬರೆದಿಡ್ರಿ. ನೀವು ಹತ್ತಿ ಬಿಡಿಸೋಕೆ ಹೊಲಕ್ಕೆ ಹೋಗಿದ್ದಾಗ ಅವ್ವನೇ ಫೋನ್ ಹಚ್ಚಿ ದೂರು ಬರೆಸಲು ಬರುತ್ತದೆ.